ಟೈರಿನ ವಿಷಮ ಸವೆತವೂ ಚಕ್ರಗಳ ಜೋಡಣೆಯೂ

ಮೋಟಾರು ವಾಹನದ ಟೈರು ಸವೆಯುವುದು ಸಹಜ. ವಾಹನವನ್ನು ಮುಂದಕ್ಕೊಯ್ಯುವ, ತಿರುಗಿಸುವ, ನಿಲ್ಲಿಸುವ ಬಲಗಳೆಲ್ಲವೂ ರಬ್ಬರಿನ ಮೂಲಕವೇ ನೆಲಕ್ಕೆ ತಲಪಬೇಕಾಗಿರುವುದರಿಂದ ಅದು ದಿನದಿನವೂ ಸ್ವಲ್ಪಸ್ವಲ್ಪವಾಗಿ ಕ್ಷಯಿಸಲೇಬೇಕು. ಆದರೆ ಈ ಕ್ಷಯವು ಟೈರಿನ ಅಗಲದಲ್ಲಿಯೂ ಸುತ್ತಳತೆಯಲ್ಲಿಯೂ ಒಂದೇ ಸಮನಾಗಿ ನಡೆಯತಕ್ಕದ್ದು. ಒಂದು ಅಂಚು ಬೋಳಾಗಿ ಮತ್ತೊಂದು ಅಂಚು ಹೊಸದರಂತೆ ಉಳಿಯುವುದು, ನಡುಭಾಗ ಮಾತ್ರ ಸವೆಯುವುದು, ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬೀಳುವುದು – ಇವನ್ನು ನಾವು ವಿಷಮ ಸವೆತವೆಂದು ಕರೆಯುತ್ತೇವೆ.

ಇದನ್ನು ಕೇವಲ ಹಣದ ನಷ್ಟವೆಂದು ಭಾವಿಸಬಾರದು. ಇಂದಿನ ಕಾರು ಟೈರುಗಳ ಮುಖ್ಯ ತೋಡುಗಳ ತಳದಲ್ಲಿ 1.6 ಮಿಲಿಮೀಟರು ಎತ್ತರದ ಸೂಚಕ ಉಬ್ಬುಗಳಿರುತ್ತವೆ. ಟ್ರೆಡ್ಡು ಈ ಮಟ್ಟಕ್ಕೆ ಇಳಿದಾಗ ಟೈರನ್ನು ತೆಗೆಯಬೇಕೆಂಬುದು ಅವುಗಳ ಸೂಚನೆ. ಮಳೆಯ ರಸ್ತೆಯಲ್ಲಿ ನೀರನ್ನು ಹೊರಗೆ ತಳ್ಳುವ ಕೆಲಸ ಈ ತೋಡುಗಳದು. ಆದರೆ ವಿಷಮ ಸವೆತ ಉಂಟಾದ ಟೈರಿನಲ್ಲಿ ನಡುವಿನ ಸೂಚಕಕ್ಕೆ ಇನ್ನೂ ಎರಡು ಮೂರು ಮಿಲಿಮೀಟರು ಬಾಕಿ ಇರುವಾಗಲೇ ಒಳ ಅಂಚಿನಲ್ಲಿ ರಬ್ಬರು ಪೂರ್ತಿಯಾಗಿ ತೀರಿ, ಅದರ ಕೆಳಗಿನ ತಂತಿ ಹೊರಬಿದ್ದಿರಬಹುದು. ಒಳ ಅಂಚು ವಾಹನದ ಕೆಳಗೆ ಮರೆಯಾಗಿರುವುದರಿಂದ ನಿಂತು ನೋಡುವವನ ಕಣ್ಣಿಗೆ ಅದು ಬೀಳದು. ಅಂಥ ಟೈರು ವೇಗದಲ್ಲಿ ಸಿಡಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಈ ಲೇಖನದಲ್ಲಿ ನಾವು ನಿರೂಪಿಸಲು ಉದ್ದೇಶಿಸಿರುವುದು ಇಷ್ಟು: ವಿಷಮ ಸವೆತವು ಟೈರಿನ ರೋಗವಲ್ಲ, ಬೇರೆಡೆ ಇರುವ ರೋಗದ ಲಕ್ಷಣ. ಆ ಲಕ್ಷಣವನ್ನು ಓದಿ, ಮೂಲವನ್ನು ಸರಿಯಾದ ಅನುಕ್ರಮದಲ್ಲಿ ತಿದ್ದದೆ ಕೇವಲ ಟೈರನ್ನು ಬದಲಾಯಿಸಿದರೆ ಹೊಸ ಟೈರೂ ಅದೇ ದಾರಿಯನ್ನು ಹಿಡಿಯುವುದು.

ಸವೆತದ ಮೂಲ

ಒಂದು ಸಾವಿರ ಕಿಲೋಗ್ರಾಂ ತೂಕದ ಕಾರೊಂದನ್ನು ತೆಗೆದುಕೊಳ್ಳೋಣ. ಪ್ರತಿ ಚಕ್ರದ ಪಾಲಿಗೆ ಸುಮಾರು 250 ಕಿಲೋಗ್ರಾಂ ಭಾರ ಬರುವುದು. ಟೈರಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ ಎಂದಿಟ್ಟುಕೊಂಡರೆ ನೆಲವನ್ನು ಮುಟ್ಟುವ ರಬ್ಬರಿನ ವಿಸ್ತೀರ್ಣ ಸ್ಥೂಲವಾಗಿ 120 ಚದರ ಸೆಂಟಿಮೀಟರು. ಇದು ಒಂದು ಅಂಗೈಯ ಅಗಲಕ್ಕಿಂತ ಹೆಚ್ಚೇನೂ ಇಲ್ಲ. ಇಂಥ ನಾಲ್ಕು ಅಂಗೈಗಳ ಮೇಲೆ ಇಡೀ ವಾಹನ ನಿಂತಿದೆ.

ಚಕ್ರವು ತಾನು ಮುಖ ಮಾಡಿರುವ ದಿಕ್ಕಿನಲ್ಲಿಯೇ ಸಾಗಿದರೆ ನೆಲವನ್ನು ಮುಟ್ಟಿದ ರಬ್ಬರು ಬಹುತೇಕ ಜಾರದೆ ಉರುಳಿಹೋಗುವುದು; ಸವೆತ ಅತ್ಯಲ್ಪ. ಆದರೆ ಚಕ್ರದ ಮುಖ ಒಂದು ಕಡೆಗೂ ಸಾಗುವ ದಿಕ್ಕು ಇನ್ನೊಂದು ಕಡೆಗೂ ಇದ್ದರೆ ಆಗುವುದೇನು? ನೆಲವನ್ನು ಮುಟ್ಟಿದ ರಬ್ಬರಿನ ತುಣುಕು ಮೊದಲು ನೆಲವನ್ನು ಹಿಡಿದುಕೊಂಡು ಪಕ್ಕಕ್ಕೆ ಬಾಗುವುದು. ಸ್ಪರ್ಶಪ್ರದೇಶದ ಹಿಂಭಾಗಕ್ಕೆ ಬಂದಂತೆ ಅದರ ಮೇಲಿನ ಭಾರ ಕಡಿಮೆಯಾಗಿ, ಹಿಡಿತ ಸಡಲಿ, ಬಾಗಿದ ರಬ್ಬರು ಥಟ್ಟನೆ ಸ್ವಸ್ಥಾನಕ್ಕೆ ಜಾರುವುದು. ಈ ಜಾರುವಿಕೆಯೇ ರಬ್ಬರನ್ನು ತೇಯುವುದು. ಚಕ್ರದ ಮುಖಕ್ಕೂ ಅದು ಸಾಗುವ ದಿಕ್ಕಿಗೂ ನಡುವಣ ಕೋನವನ್ನು ಜಾರುಕೋನವೆನ್ನಬಹುದು.

ಜಾರುಕೋನ ಚಿಕ್ಕದಾಗಿರುವ ತನಕ ಚಕ್ರದ ಮೇಲೆ ಬೀಳುವ ಅಡ್ಡಬಲವು ಕೋನಕ್ಕೆ ಅನುಪಾತವಾಗಿ ಹೆಚ್ಚುವುದು. ಅಡ್ಡಲಾಗಿ ಜಾರುವ ದೂರವೂ ಕೋನಕ್ಕೆ ಅನುಪಾತವಾಗಿ ಹೆಚ್ಚುವುದು. ವ್ಯಯವಾಗುವ ಶಕ್ತಿ ಈ ಎರಡರ ಗುಣಲಬ್ಧ. ಆದುದರಿಂದ ಸವೆತವು ಕೋನದ ವರ್ಗಕ್ಕೆ ಅನುಪಾತವಾಗಿರುವುದು. ಶಾಲಮಾಕ್ ಮತ್ತು ಟರ್ನರ್ ಎಂಬ ವಿಜ್ಞಾನಿಗಳು ಜಾರುವ ಚಕ್ರಗಳ ಸವೆತವನ್ನು ಕುರಿತು 1960ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಚಾರಕ್ಕೆ ಆಧಾರವಾದ ಕೃತಿಗಳಲ್ಲೊಂದು. ಇದರ ವ್ಯಾವಹಾರಿಕ ಅರ್ಥವನ್ನು ವಾಚಕರು ಗಮನಿಸಬೇಕು: ಜೋಡಣೆಯ ದೋಷ ಎರಡರಷ್ಟಾದರೆ ಅದರಿಂದಾಗುವ ಸವೆತ ನಾಲ್ಕರಷ್ಟಾಗುವುದು, ದೋಷವನ್ನು ಅರ್ಧಕ್ಕಿಳಿಸಿದರೆ ಸವೆತ ಕಾಲುಭಾಗಕ್ಕಿಳಿಯುವುದು.

ಚಕ್ರದ ಮೂರು ಕೋನಗಳು

ಚಕ್ರಗಳ ಜೋಡಣೆಯಲ್ಲಿ ಮುಖ್ಯವಾಗಿ ಮೂರು ಕೋನಗಳನ್ನು ಪರಿಗಣಿಸುತ್ತಾರೆ. ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಟೋ, ಕ್ಯಾಂಬರ್, ಕ್ಯಾಸ್ಟರ್ ಎಂಬ ಹೆಸರುಗಳನ್ನೇ ನಾವೂ ಉಪಯೋಗಿಸುತ್ತೇವೆ.

ವಾಹನವನ್ನು ಮೇಲಿನಿಂದ ನೋಡಿದಾಗ ಎಡಬಲದ ಚಕ್ರಗಳ ಮುಂಭಾಗಗಳು ಪರಸ್ಪರ ಹತ್ತಿರವಾಗಿದ್ದರೆ ಅದು ಟೋ-ಇನ್; ದೂರವಾಗಿದ್ದರೆ ಟೋ-ಔಟ್. ಹಿಂದಿನ ಚಕ್ರಗಳಿಂದ ನಡೆಯುವ ವಾಹನಗಳಲ್ಲಿ ಓಡುವಾಗ ಉರುಳಿಕೆಯ ಪ್ರತಿರೋಧವು ಮುಂದಿನ ಚಕ್ರಗಳನ್ನು ಹೊರಕ್ಕೆ ತಿರುಗಿಸಲೆಳಸುವುದರಿಂದ, ನಿಂತಾಗ ಸ್ವಲ್ಪ ಟೋ-ಇನ್ ಇರಿಸುವುದು ವಾಡಿಕೆ. ಮುಂದಿನ ಚಕ್ರಗಳೇ ಎಳೆಯುವ ಕಾರುಗಳಲ್ಲಿ ಚಾಲಕಬಲವು ಇದಕ್ಕೆ ವಿರುದ್ಧವಾಗಿ ವರ್ತಿಸುವುದರಿಂದ ಟೋ ಸೊನ್ನೆಗೆ ಸಮೀಪದಲ್ಲಿರುವುದು.

ಈ ಅಳತೆಯ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ರಿಮ್ಮಿನ ವ್ಯಾಸ 400 ಮಿಲಿಮೀಟರು ಎಂದು ಹಿಡಿಯೋಣ. ಎರಡೂ ಚಕ್ರಗಳು ಸೇರಿ 3 ಮಿಲಿಮೀಟರು ಟೋ ದೋಷವಿದ್ದರೆ ಒಂದೊಂದರ ಪಾಲು 1.5 ಮಿಲಿಮೀಟರು, ಕೋನ ಒಂದು ಡಿಗ್ರಿಯ ಐದನೆಯ ಒಂದು ಭಾಗಕ್ಕಿಂತ ಕೊಂಚ ಹೆಚ್ಚು. ಕಣ್ಣಿಗೆ ಕಾಣದ ಈ ಕೋನದಿಂದ ಪ್ರತಿ ಕಿಲೋಮೀಟರಿಗೆ ಚಕ್ರವು 3.75 ಮೀಟರು ಪಕ್ಕಕ್ಕೆ ಎಳೆಯಲ್ಪಡುವುದು. ಹತ್ತು ಸಾವಿರ ಕಿಲೋಮೀಟರು ಓಡುವ ವೇಳೆಗೆ ಈ ಅಡ್ಡ ಎಳೆತದ ಮೊತ್ತ 37.5 ಕಿಲೋಮೀಟರು. ಟೋ ದೋಷವು ಟೈರಿಗೆ ಎಲ್ಲಕ್ಕಿಂತ ದೊಡ್ಡ ಶತ್ರುವೆಂದು ಏಕೆ ಹೇಳುತ್ತಾರೆಂಬುದು ಇದರಿಂದ ಸ್ಪಷ್ಟವಾಗುವುದು.

ವಾಹನವನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್, ಒಳಕ್ಕೆ ವಾಲಿದ್ದರೆ ಋಣ ಕ್ಯಾಂಬರ್. ವಾಲಿದ ಚಕ್ರವು ಶಂಕುವಿನ ತುಂಡಿನಂತೆ ವರ್ತಿಸುವುದು. 160 ಮಿಲಿಮೀಟರು ಅಗಲದ ಟೈರು ಒಂದು ಡಿಗ್ರಿ ವಾಲಿದರೆ ಎರಡು ಅಂಚುಗಳ ತ್ರಿಜ್ಯಗಳಿಗೆ ಸುಮಾರು 2.8 ಮಿಲಿಮೀಟರು ವ್ಯತ್ಯಾಸ ಬರುವುದು. ಒಂದೇ ಚಕ್ರದ ಎರಡು ಅಂಚುಗಳು ಬೇರೆ ಬೇರೆ ದೂರ ಕ್ರಮಿಸಲಾರವು. ವ್ಯತ್ಯಾಸದ ಬಹುಭಾಗವನ್ನು ಟೈರು ತನ್ನ ಮಣಿಯುವ ಗುಣದಿಂದ ನುಂಗಿಕೊಳ್ಳುವುದು. ಉಳಿದುದು ಭಾರ ಹೆಚ್ಚಾಗಿ ಬೀಳುವ ಅಂಚಿನಲ್ಲಿ ಸವೆತವಾಗಿ ಕಾಣುವುದು.

ಮೂರನೆಯದಾದ ಕ್ಯಾಸ್ಟರ್, ಚಕ್ರವು ತಿರುಗುವ ಅಕ್ಷದ ತಲೆ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ. ತಿರುವು ಮುಗಿದೊಡನೆ ಸ್ಟಿಯರಿಂಗು ತಾನಾಗಿಯೇ ನೇರಕ್ಕೆ ಬರುವುದಕ್ಕೆ ಇದು ನೆರವಾಗುವುದು. ಇದು ನೇರವಾಗಿ ಟೈರನ್ನು ಸವೆಸುವುದು ಅಪೂರ್ವ. ಆದರೆ ಎಡಬಲಗಳಲ್ಲಿ ಹೆಚ್ಚುಕಡಿಮೆಯಾದರೆ ವಾಹನ ಒಂದು ಕಡೆಗೆ ಎಳೆಯುವುದು.

ತಿರುವಿನ ರೇಖಾಗಣಿತ

ನೇರ ರಸ್ತೆಯಲ್ಲಿ ಚಕ್ರಗಳು ಸಮಾನಾಂತರವಾಗಿದ್ದರೆ ಸಾಕು. ತಿರುವಿನಲ್ಲಿ ಹಾಗಲ್ಲ. ಒಳಗಿನ ಚಕ್ರವು ಚಿಕ್ಕ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಸಾಗಬೇಕಾಗಿರುವುದರಿಂದ ಒಳಗಿನದು ಹೆಚ್ಚಾಗಿ ತಿರುಗಬೇಕು. ಈ ತತ್ತ್ವ ಮೋಟಾರು ವಾಹನಕ್ಕಿಂತ ಹಳೆಯದು. ಮ್ಯೂನಿಕ್ಕಿನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕುದುರೆಗಾಡಿಗಳಿಗಾಗಿ ರೂಪಿಸಿದ ಈ ಏರ್ಪಾಡಿಗೆ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಪೇಟೆಂಟು ಪಡೆದನು. ಹೆಸರು ಅವನದೇ ನಿಂತಿತು. ಮುಂದೆ 1878ರಲ್ಲಿ ಫ್ರಾನ್ಸಿನ ಶಾರ್ಲ್ ಜಾಂತೋ ಇದಕ್ಕೆ ಸ್ಪಷ್ಟವಾದ ರೇಖಾಗಣಿತದ ರೂಪವನ್ನಿತ್ತನು.

ಚಕ್ರಗಳ ಹಿಂದುಮುಂದಿನ ಅಂತರ 2.4 ಮೀಟರು, ಎಡಬಲದ ಅಂತರ 1.3 ಮೀಟರು ಇರುವ ಕಾರಿನಲ್ಲಿ ಒಳಗಿನ ಚಕ್ರ 30 ಡಿಗ್ರಿ ತಿರುಗಿದಾಗ ಹೊರಗಿನದು ಈ ನಿಯಮದ ಪ್ರಕಾರ ಸುಮಾರು 23.7 ಡಿಗ್ರಿ ಮಾತ್ರ ತಿರುಗಬೇಕು. ವೇಗ ಮುಂತಾದ ಕಾರಣಗಳಿಂದ ತಯಾರಕರು ಈ ಆದರ್ಶದಿಂದ ಸ್ವಲ್ಪ ಸರಿಯುವುದುಂಟು. ಆದರೆ ಗುಂಡಿಗೆ ಬಿದ್ದು ಸ್ಟಿಯರಿಂಗಿನ ತೋಳು ಬಾಗಿದ್ದರೆ, ನೇರದಲ್ಲಿ ಟೋ ಸರಿಯಾಗಿದ್ದರೂ ಪ್ರತಿ ತಿರುವಿನಲ್ಲಿಯೂ ಟೈರು ತೇಯುತ್ತಲೇ ಇರುವುದು. ಹೀಗಾಗಿ ತಿರುವಿನ ಕೋನಗಳನ್ನೂ ಪರೀಕ್ಷಿಸಬೇಕು.

ಸಸ್ಪೆನ್ಷನ್ನಿನ ಪಾತ್ರ

ಮೇಲೆ ಹೇಳಿದ ಕೋನಗಳು ಚಕ್ರದಲ್ಲಿ ಕೆತ್ತಿಟ್ಟ ಸ್ಥಿರ ಸಂಖ್ಯೆಗಳಲ್ಲ. ಚಕ್ರವನ್ನು ವಾಹನದ ಮೈಗೆ ಜೋಡಿಸುವ ತೋಳುಗಳು, ಬಾಲ್ ಜಾಯಿಂಟುಗಳು, ರಬ್ಬರು ಬುಷ್ಷುಗಳು, ಸ್ಪ್ರಿಂಗುಗಳು ಇವೆಲ್ಲ ಸೇರಿ ಆ ಕೋನಗಳನ್ನು ಹಿಡಿದಿಡುತ್ತವೆ. ಇವುಗಳ ಸಮುದಾಯವೇ ಸಸ್ಪೆನ್ಷನ್.

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಮುಂಭಾಗದ ಭಾರವನ್ನು ಹೊರುತ್ತಿದ್ದುದು ಉದ್ದಕ್ಕೆ ಇರಿಸಿದ, ತಿರುಚಿಕೊಳ್ಳುವ ಉಕ್ಕಿನ ಸಲಾಕಿಗಳು. ಅಂಥ ಸಲಾಕಿ ವರ್ಷಗಳ ಭಾರಕ್ಕೆ ಕುಗ್ಗಿದರೆ ಕಾರಿನ ಎತ್ತರ ಇಳಿದು, ಅದರೊಡನೆ ಕ್ಯಾಂಬರೂ ಬದಲಾಗುವುದು. 1983ರಲ್ಲಿ ಬಂದ ಮಾರುತಿ 800ರಲ್ಲಿಯೂ ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿಯೂ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವಿಧಾನ. ಇದರಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಚಕ್ರ ತಿರುಗುವ ಅಕ್ಷ ಮೂರೂ ಒಂದೇ ಕಂಬದಲ್ಲಿ ಅಡಕವಾಗಿವೆ. ಈ ಬಗೆಯ ಅನೇಕ ಕಾರುಗಳಲ್ಲಿ ಟೋ ಒಂದನ್ನು ಬಿಟ್ಟು ಬೇರೆ ಕೋನಗಳನ್ನು ತಿದ್ದಲು ತಯಾರಕರು ಅವಕಾಶವನ್ನೇ ಇಟ್ಟಿಲ್ಲ. ಅಲ್ಲಿ ಕ್ಯಾಂಬರ್ ತಪ್ಪಿದೆಯೆಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದೇ ಅರ್ಥ. ಆ ಭಾಗವನ್ನು ಹುಡುಕುವುದೇ ಪರಿಹಾರ.

ಲಾರಿ ಬಸ್ಸುಗಳಲ್ಲಿ ಸಾಮಾನ್ಯವಾಗಿ ಪಟ್ಟಿ ಸ್ಪ್ರಿಂಗುಗಳ ಮೇಲೆ ಕೂರಿಸಿದ ಅಖಂಡ ಅಚ್ಚು ಇರುವುದು. ಪಟ್ಟಿಗಳ ಕಟ್ಟನ್ನು ಅಚ್ಚಿನ ಮೇಲೆ ನಿಲ್ಲಿಸುವ ನಡುಬೋಲ್ಟು ಮುರಿದರೆ ಅಚ್ಚು ಒಂದು ಕಡೆಗೆ ಸರಿಯುವುದು. ಆಗ ಹಿಂದಿನ ಚಕ್ರಗಳು ವಾಹನವನ್ನು ಓರೆಯಾಗಿ ತಳ್ಳುತ್ತವೆ. ನೇರವಾಗಿ ಹೋಗಲು ಚಾಲಕನು ಸ್ಟಿಯರಿಂಗನ್ನು ಸದಾ ಸ್ವಲ್ಪ ತಿರುಗಿಸಿ ಹಿಡಿಯಬೇಕಾಗುವುದು. ಲಾರಿಯೊಂದು ಏಡಿಯಂತೆ ಓರೆಯಾಗಿ ಸಾಗುವುದನ್ನು ಹೆದ್ದಾರಿಯಲ್ಲಿ ಕಂಡವರಿಗೆ ಈ ದೋಷದ ಪರಿಚಯವಿದೆ.

ಶಾಕ್ ಅಬ್ಸಾರ್ಬರಿನ ಕೆಲಸ ಬೇರೆ. ಸ್ಪ್ರಿಂಗಿನ ಮೇಲಿರುವ ವಾಹನದ ಮೈ ಸೆಕೆಂಡಿಗೆ ಒಂದು ಒಂದೂವರೆ ಸಲ ತೂಗುವ ಸ್ವಭಾವದ್ದು. ಸ್ಪ್ರಿಂಗಿನ ಕೆಳಗಿರುವ ಚಕ್ರ ಮಾತ್ರ ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ ಕುಣಿಯುವ ಸ್ವಭಾವದ್ದು. ಈ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರು. ಚಕ್ರದ ಸುತ್ತಳತೆ 1.8 ಮೀಟರು ಎಂದಿಟ್ಟುಕೊಂಡರೆ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 12.3 ಸಲ ಸುತ್ತುವುದು. ಚಕ್ರದ ಒಂದು ಕಡೆ 30 ಗ್ರಾಂ ತೂಕ ಹೆಚ್ಚಿದ್ದು, ಅದು ಅಕ್ಷದಿಂದ 18 ಸೆಂಟಿಮೀಟರು ದೂರದಲ್ಲಿದ್ದರೆ, ಆ ವೇಗದಲ್ಲಿ ಸುಮಾರು 3.3 ಕಿಲೋಗ್ರಾಂ ತೂಕದಷ್ಟು ಬಲ ಪ್ರತಿ ಸುತ್ತಿಗೂ ಚಕ್ರವನ್ನು ಎತ್ತಿ ಕುಕ್ಕುವುದು. ಸುತ್ತುವ ಆವೃತ್ತಿಯೂ ಕುಣಿಯುವ ಆವೃತ್ತಿಯೂ ಒಂದಾಗುವುದರಿಂದ ಅನುರಣನೆ ಉಂಟಾಗುವುದು. ಶಾಕ್ ಅಬ್ಸಾರ್ಬರಿನ ಶಕ್ತಿ ಉಡುಗಿದ್ದರೆ ಟೈರು ನೆಲವನ್ನು ಒತ್ತುತ್ತಾ ಬಿಡುತ್ತಾ ಸಾಗಿ, ಸುತ್ತಲೂ ಅಲ್ಲಲ್ಲಿ ಬಟ್ಟಲಿನಂಥ ತಗ್ಗುಗಳು ಬೀಳುತ್ತವೆ.

ಸವೆತವನ್ನು ಓದುವ ಕ್ರಮ

ಇಷ್ಟನ್ನು ತಿಳಿದ ಮೇಲೆ ಟೈರಿನ ಮುಖವನ್ನು ನೋಡಿ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಾಗಿತ್ತೆಂದೂ, ನಡುಭಾಗ ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ ತಿಳಿಯಬೇಕು.

ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಕ್ಯಾಂಬರನ್ನು ಶಂಕಿಸಬೇಕು: ಹೊರ ಅಂಚಾದರೆ ಧನ, ಒಳ ಅಂಚಾದರೆ ಋಣ. ಅಂಚಿನ ಸವೆತದೊಡನೆ ಟ್ರೆಡ್ಡಿನ ಏಣುಗಳು ಗರಗಸದ ಹಲ್ಲಿನಂತೆ ಒಂದು ಕಡೆ ದುಂಡಾಗಿಯೂ ಇನ್ನೊಂದು ಕಡೆ ಚೂಪಾಗಿಯೂ ಇದ್ದರೆ ಅದು ಟೋ ದೋಷದ ಗುರುತು. ಇದನ್ನು ಕಣ್ಣಿಗಿಂತ ಕೈ ಚೆನ್ನಾಗಿ ಬಲ್ಲದು. ವಾಹನ ನಿಂತಿರುವಾಗ ಅಂಗೈಯನ್ನು ಟ್ರೆಡ್ಡಿನ ಮೇಲೆ ಅಡ್ಡಲಾಗಿ ಎಚ್ಚರಿಕೆಯಿಂದ ಎಳೆಯಬೇಕು. ತಂತಿ ಹೊರಬಿದ್ದ ಟೈರಿನ ಮೇಲೆ ಕೈಯಾಡಿಸಬಾರದು. ಹೊರಗಿನಿಂದ ಒಳಕ್ಕೆ ಎಳೆದಾಗ ನಯವಾಗಿಯೂ ಒಳಗಿನಿಂದ ಹೊರಕ್ಕೆ ಎಳೆದಾಗ ಚೂಪಾಗಿಯೂ ತಗಲಿದರೆ ಟೋ-ಇನ್ ಅತಿಯಾಗಿದೆ. ಇದಕ್ಕೆ ವಿರುದ್ಧವಾದರೆ ಟೋ-ಔಟ್. ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟು ಪಡೆದ ರೇಡಿಯಲ್ ಟೈರು ಈಗ ಕಾರುಗಳಲ್ಲಿ ಸರ್ವತ್ರ ಬಳಕೆಯಲ್ಲಿದೆ. ಅದರ ಮಗ್ಗುಲು ಹೆಚ್ಚು ಮಣಿಯುವುದರಿಂದ ಈ ಹಲ್ಲುಗಳು ಹಳೆಯ ಟೈರುಗಳಲ್ಲಿದ್ದಷ್ಟು ಸ್ಫುಟವಾಗಿರದೆ ಅಂಚಿನ ಸವೆತವಾಗಿಯೇ ಕಾಣಬಹುದು.

ಆದರೆ ಎಲ್ಲ ಅಂಚಿನ ಸವೆತವೂ ಜೋಡಣೆಯ ದೋಷವಲ್ಲ. ಆಗುಂಬೆ, ಚಾರ್ಮಾಡಿಗಳಂಥ ಘಾಟಿಗಳಲ್ಲಿ ನಿತ್ಯವೂ ಓಡುವ ವಾಹನದ ಮುಂದಿನ ಟೈರುಗಳ ಹೊರ ಅಂಚುಗಳು ತಿರುವುಗಳ ಒತ್ತಡದಿಂದಲೇ ಸವೆಯಬಹುದು. ಎರಡು ಮುಂದಿನ ಟೈರುಗಳೂ ಸರಿಸುಮಾರು ಒಂದೇ ಬಗೆಯಲ್ಲಿ ಸವೆದಿದ್ದು, ಅಳತೆಗಳೆಲ್ಲ ಸರಿಯಿದ್ದರೆ, ಕಾರಣ ರಸ್ತೆ ಎಂದು ಒಪ್ಪಬೇಕು. ಅಂತೆಯೇ ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿರುವುದರಿಂದ, ಎಡಗಡೆ ಚಲಿಸುವ ನಮ್ಮ ವಾಹನಗಳು ಅಲ್ಪವಾಗಿ ಎಡಕ್ಕೆ ಎಳೆಯುವುದು ದೋಷವಲ್ಲ.

ಪರಿಹಾರದ ಅನುಕ್ರಮ

ಈಗಿನ ಅಲೈನ್‌ಮೆಂಟ್ ಕೇಂದ್ರಗಳಲ್ಲಿ ಕ್ಯಾಮರಾಗಳ ನೆರವಿನಿಂದ ಡಿಗ್ರಿಯ ನೂರರಲ್ಲೊಂದು ಭಾಗದವರೆಗೂ ಅಂಕಿಗಳನ್ನು ತೋರುವ ಯಂತ್ರಗಳಿವೆ. ಆದರೆ ಸವೆದ ಕೀಲಿನ ಮೇಲೆ ನಿಂತ ಚಕ್ರದ ಕೋನವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಪ್ರಯೋಜನವಿಲ್ಲ. ಯಂತ್ರ ಅಳೆಯುವುದು ನಿಂತ ವಾಹನವನ್ನು. ಟೈರು ಸವೆಯುವುದು ಓಡುವಾಗ. ಕೀಲು ಸಡಿಲವಾಗಿದ್ದರೆ ವಾಹನ ಕೇಂದ್ರದ ಬಾಗಿಲು ದಾಟುವಷ್ಟರಲ್ಲಿ ಆ ಅಂಕಿ ಬದಲಾಗಿರುವುದು. ಆದಕಾರಣ ಅನುಕ್ರಮ ಮುಖ್ಯ.

ಮೊದಲನೆಯದು, ತಂಪಾಗಿರುವ ಟೈರಿನಲ್ಲಿ ಗಾಳಿಯ ಒತ್ತಡವನ್ನು ತಯಾರಕರು ಹೇಳಿದ ಮಟ್ಟಕ್ಕೆ ತರುವುದು. ಎರಡನೆಯದು, ವಾಹನದ ಎತ್ತರವನ್ನು ಎಡಬಲಗಳಲ್ಲಿ ಹೋಲಿಸಿ ಸ್ಪ್ರಿಂಗು ಕುಗ್ಗಿದೆಯೇ ಎಂದು ನೋಡುವುದು. ಮೂರನೆಯದು, ವಾಹನವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಅಲುಗಿಸಿ ನೋಡುವುದು. ಮೇಲುಕೆಳಗಿನ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಬೇರಿಂಗು ಅಥವಾ ಬಾಲ್ ಜಾಯಿಂಟು, ಎಡಬಲದ ಅಂಚುಗಳನ್ನು ಹಿಡಿದಾಗ ಮಾತ್ರ ಸಡಿಲವಿದ್ದರೆ ಟೈ ರಾಡಿನ ತುದಿ ಅಥವಾ ಸ್ಟಿಯರಿಂಗಿನ ಕೀಲುಗಳು ಶಂಕಾಸ್ಪದ. ತೋಳುಗಳ ಬುಷ್ಷುಗಳು ಬಿರಿದಿವೆಯೇ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದೆಯೇ ಎಂಬುದನ್ನೂ ಕಾಣಬೇಕು. ದೋಷವಿರುವ ಭಾಗಗಳನ್ನು ಬದಲಾಯಿಸಿ, ಬಳಿಕ ಚಕ್ರಗಳ ತೂಕವನ್ನು ಸಮಗೊಳಿಸಬೇಕು.

ಇದೆಲ್ಲ ಮುಗಿದ ಮೇಲೆ ಜೋಡಣೆ. ಅದರಲ್ಲಿಯೂ ಹಿಂದಿನ ಚಕ್ರಗಳು ಮೊದಲು, ಮುಂದಿನವು ಆಮೇಲೆ. ಏಕೆಂದರೆ ವಾಹನದ ಚಲನೆಯ ದಿಕ್ಕನ್ನು ನಿರ್ಣಯಿಸುವುದು ಹಿಂದಿನ ಚಕ್ರಗಳು. ಮುಂದಿನ ಚಕ್ರಗಳಲ್ಲಿ, ತಿದ್ದಲು ಅವಕಾಶವಿದ್ದರೆ, ಕ್ಯಾಸ್ಟರ್ ಮತ್ತು ಕ್ಯಾಂಬರ್ ಮೊದಲು, ಟೋ ಕೊನೆಗೆ. ಮೊದಲಿನ ಎರಡನ್ನು ಬದಲಾಯಿಸಿದರೆ ಟೋ ತಾನೂ ಬದಲಾಗುವುದು. ಸ್ಥಿರತಾನಿಯಂತ್ರಣ ವ್ಯವಸ್ಥೆಯುಳ್ಳ ಕಾರುಗಳಲ್ಲಿ ಜೋಡಣೆಯ ಬಳಿಕ, ತಯಾರಕರ ಸೂಚನೆಯಿದ್ದಂತೆ, ಸ್ಟಿಯರಿಂಗಿನ ಕೋನವನ್ನು ಅರಿಯುವ ಸಂವೇದಕಕ್ಕೆ ಸೊನ್ನೆಯ ಸ್ಥಾನವನ್ನು ಮತ್ತೆ ತಿಳಿಸಬೇಕಾಗುವುದು.

ವಿದ್ಯಾರ್ಥಿಗಳು ಮಾಡಬಹುದಾದ ಅಳತೆ

ಟೋ ಅಳತೆಯನ್ನು ಕಾಲೇಜಿನ ಅಂಗಳದಲ್ಲಿಯೇ, ಸಮತಲದ ಮೇಲೆ ಮಾಡಿನೋಡಬಹುದು. ಮುಂದಿನ ಚಕ್ರಗಳನ್ನು ಒಂದೊಂದಾಗಿ ಎತ್ತಿ, ಕೈಯಿಂದ ಸುತ್ತಿಸುತ್ತಾ, ಕದಲದೆ ಹಿಡಿದ ಮೊಳೆಯಿಂದ ಸೀಮೆಸುಣ್ಣ ಬಳಿದ ಟ್ರೆಡ್ಡಿನ ಮೇಲೆ ಒಂದು ಗೆರೆ ಎಳೆಯಬೇಕು. ವಾಹನವನ್ನು ಇಳಿಸಿ, ಕೆಲವು ಮೀಟರು ಮುಂದಕ್ಕೆ ತಳ್ಳಿ, ಸ್ಟಿಯರಿಂಗನ್ನು ನೇರವಾಗಿಸಿ, ಚಕ್ರದ ಮುಂಭಾಗದಲ್ಲಿ ಅಚ್ಚಿನ ಎತ್ತರದಲ್ಲಿ ಎರಡು ಗೆರೆಗಳ ಮೇಲೆ ಒಂದೊಂದು ಗುರುತು ಮಾಡಿ ಅಂತರವನ್ನು ಅಳೆಯಬೇಕು. ಅನಂತರ ಆ ಗುರುತುಗಳೇ ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರುವಂತೆ ವಾಹನವನ್ನು ಅರ್ಧಸುತ್ತು ಮುಂದಕ್ಕೆ ತಳ್ಳಿ ಮತ್ತೆ ಅಳೆಯಬೇಕು. ಎರಡು ಅಳತೆಗಳ ವ್ಯತ್ಯಾಸವೇ ಟೋ. ಒಂದೇ ಗುರುತನ್ನು ಎರಡು ಕಡೆಯಲ್ಲಿಯೂ ಅಳೆಯುವುದರಿಂದ ರಿಮ್ಮಿನ ಸೊಟ್ಟು ಲೆಕ್ಕದಿಂದ ಹೊರಟುಹೋಗುವುದು. ಈ ಅಳತೆ ಟೈರಿನ ಮುಖದ ಮೇಲಿನದಾದುದರಿಂದ, ಕೋನಕ್ಕೆ ಪರಿವರ್ತಿಸುವಾಗ ರಿಮ್ಮಿನ ವ್ಯಾಸವನ್ನಲ್ಲ, ಟೈರಿನ ಪೂರ್ಣ ವ್ಯಾಸವನ್ನು ತೆಗೆದುಕೊಳ್ಳಬೇಕು. ಇದಕ್ಕೆ ಬೇಕಾದುದು ಸೀಮೆಸುಣ್ಣ, ಮೊಳೆ, ಅಳತೆಪಟ್ಟಿ, ತಾಳ್ಮೆ.

ಕೊನೆಯದಾಗಿ ಒಂದು ಮಾತು. ಟೈರುಗಳನ್ನು ಮುಂದಿನಿಂದ ಹಿಂದಕ್ಕೆ ಬದಲಿಸುತ್ತಿರುವುದು ಒಳ್ಳೆಯ ವಾಡಿಕೆಯೇ. ಅದರಿಂದ ನಾಲ್ಕೂ ಟೈರುಗಳು ಸರಿಸುಮಾರು ಒಟ್ಟಿಗೆ ಸವೆಯುವುವು. ಆದರೆ ದೋಷವಿರುವ ವಾಹನದಲ್ಲಿ ಹೀಗೆ ಮಾಡಿದರೆ ಸವೆತ ಹಂಚಿಹೋಗುವುದೇ ಹೊರತು ದೋಷ ಹೋಗುವುದಿಲ್ಲ. ಅದರ ಗುರುತು ಮಾತ್ರ ಅಳಿಸಿಹೋಗುವುದು. ಆದುದರಿಂದ ಬದಲಿಸುವ ಮುನ್ನ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಈ ಮೂರು ಕಡೆಗಳಲ್ಲಿ ತೋಡಿನ ಆಳವನ್ನು ಅಳೆದು, ಓಡಿದ ದೂರದೊಡನೆ ಬರೆದಿಡಬೇಕು. ಈ ಅಂಕಿಗಳು ಎರಡು ಮೂರು ಸಲ ಸೇರಿದರೆ ಸಾಕು, ದೋಷವಿದೆಯೇ, ಇದ್ದರೆ ಯಾವ ಕಡೆ ಎಂಬುದು ಟೈರು ಹಾಳಾಗುವ ಮೊದಲೇ ತಿಳಿದುಬರುವುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇಂಜಿನ್ನಿನ ಕತ್ತರಿಸಿದ ಮಾದರಿಗಳ ಪಕ್ಕದಲ್ಲಿ ಬಗೆಬಗೆಯಾಗಿ ಸವೆದ ನಾಲ್ಕಾರು ಟೈರುಗಳನ್ನೂ ಇರಿಸಿ, ಒಂದೊಂದರ ಕಾರಣವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.